ಎಂಟುನೂರು ಮೊಗ್ಗಿನ ಲೆಕ್ಕ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ಕೈಗೆ ಬಂದ ಕೂಡಲೇ ನಾನು ನೋಡುವುದು ಮಲ್ಲಿಗೆ ದರ. ಆಮೇಲೆ ಮರಣ ವಾರ್ತೆ. ಉಳಿದದ್ದೆಲ್ಲ ಮಧ್ಯಾಹ್ನದ ಊಟ ಆದ ಮೇಲೆ. ಪತ್ರಿಕೆಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು.

ಕಳೆದ ವಾರ ನಮ್ಮೂರಿನಲ್ಲಿ ಹೆಂಗಸರಿಗೆ ಒಂದು ಕಾರ್ಯಕ್ರಮ ಇತ್ತು. ಭಾಷಣಕ್ಕೆ ಬಂದವರು ಚೆನ್ನಾಗಿಯೇ ಮಾತಾಡಿದರು. ಒಂದು ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಬೀಡಿ ಕಟ್ಟುವುದು, ಹೂ ಕಟ್ಟುವುದು ಎಲ್ಲ ಯಂತ್ರದ ಹಾಗೆ ಮಾಡುವ ಕೆಲಸವಂತೆ. ನಾವು ಅದರಿಂದ ಹೊರಗೆ ಬಂದು ಸೃಜನಶೀಲರಾಗಬೇಕಂತೆ.

ನನ್ನ ಮನೆ ಶಂಕರಪುರದ ಹತ್ತಿರ. 30 ವರ್ಷದಿಂದ ಮಲ್ಲಿಗೆ ಕಟ್ಟುತ್ತಿದ್ದೇನೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಕೊಯ್ದು, ಬಾಳೆನಾರು ಸಪೂರ ಸೀಳಿ, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವ ಹೊತ್ತಿಗೆ ಕಟ್ಟಿ ಮುಗಿಸಬೇಕು. ಇದನ್ನು ಧ್ಯಾನ ಅನ್ನುವವರೂ ಇದ್ದಾರೆ. ಒಂದು ದಿನ ಬಂದು ಕೂತು ನೋಡಲಿ. ಒಲೆಯಲ್ಲಿ ಗಂಜಿ, ಹಟ್ಟಿಯಲ್ಲಿ ದನ, ಸೊಂಟದಲ್ಲಿ ನೋವು. ಎಂಥ ಧ್ಯಾನ!

ಹಾಗಂತ ಯಂತ್ರವೂ ಅಲ್ಲ. ಎಲ್ಲ ಮೊಗ್ಗು ಒಂದೇ ಅಳತೆಯಲ್ಲಿ ಇರುತ್ತದಾ? ಸಣ್ಣದನ್ನು ಎಲ್ಲಿ ಸೇರಿಸಬೇಕು, ನಾರು ಎಷ್ಟು ಬಿಗಿದರೆ ತೊಟ್ಟು ಮುರಿಯುವುದಿಲ್ಲ, ಇದನ್ನೆಲ್ಲ ಯಾರೂ ಬರೆದು ಕೊಟ್ಟಿಲ್ಲ. ನನ್ನ ಚೆಂಡು ಮತ್ತು ಪಕ್ಕದ ಮನೆ ಕ್ರಿಶ್ಚಿಯನ್ ಬಾಯಿಯವರ ಚೆಂಡು ಒಟ್ಟಿಗೆ ಇಟ್ಟರೆ, ಯಾವುದು ಯಾರ ಕೈಯದ್ದು ಅಂತ ಕಟ್ಟೆಯವರು ನೋಡಿಯೇ ಹೇಳುತ್ತಾರೆ.

ಅಟ್ಟೆಯ ಲೆಕ್ಕ ನನಗೆ ಕಲಿಸಿದ್ದು ಅತ್ತೆ. ಮದುವೆಯಾದ ವರ್ಷ ಒಂದು ದಿನ ಮೂವತ್ತು ನಲವತ್ತು ಮೊಗ್ಗು ಕಡಿಮೆ ಬಿತ್ತು. ನಾನು ಸ್ವಲ್ಪ ಸಡಿಲ ಬಿಟ್ಟು ಕಟ್ಟಿ ಚೆಂಡು ತುಂಬಿಸಿದೆ. ಅತ್ತೆ ಕೈಯಲ್ಲಿ ಹಿಡಿದ ಕೂಡಲೇ ಗೊತ್ತು ಮಾಡಿದರು. "ಇದು ದೈವದ ನೇಮೋತ್ಸವಕ್ಕೆ ಹೋಗುವ ಹೂ. ದೈವ ಕೂತು ಎಣಿಸುತ್ತದಾ?" ಅಂತ ಕೇಳಿದೆ. "ಎಣಿಸುವುದಿಲ್ಲ. ಅದಕ್ಕೇ ನೀನು ಎಣಿಸು" ಅಂದರು. ಪೂರಾ ಬಿಚ್ಚಿಸಿದರು. ಆ ದಿನ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಬಾಯಿಯವರದ್ದೂ ಇದೇ ಲೆಕ್ಕ. ಸೆಪ್ಟೆಂಬರ್ 8ರ ಮೇರಿ ಮಾತೆಯ ಹುಟ್ಟುಹಬ್ಬ ಮೊಂತಿ ಫೆಸ್ತ್‌ಗೆ ಅವರ ಮೊಮ್ಮಕ್ಕಳು ಇಗರ್ಜಿಗೆ ಹೂ ಕೊಂಡುಹೋಗುವಾಗ ನಮ್ಮ ಗಿಡದ್ದೂ ನಾಲ್ಕು ಹಿಡಿ ಹೋಗುತ್ತದೆ. ಉಳಿದದ್ದು ಯಾವ ದೇವರಿಗೋ, ಯಾವ ಮದುಮಗಳ ಜಡೆಗೋ, ನಮಗೆ ಗೊತ್ತಾಗುವುದಿಲ್ಲ. ನಮ್ಮ ಕೈಬಿಡುವಾಗ ಅದಿನ್ನೂ ಮೊಗ್ಗು. ಅರಳುವುದು ಸಾಯಂಕಾಲ, ಬೇರೆಯವರ ಮನೆಯಲ್ಲಿ.

ಭಾಷಣದವರ ಮಾತು ಪೂರಾ ತಪ್ಪು ಅನ್ನುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ, ನೇಮ ಇಲ್ಲದೆ ದರ ಇಳಿದರೆ ಗಿಡಕ್ಕೆ ಹಾಕಿದ ಹಿಂಡಿಯ ಖರ್ಚೂ ಹುಟ್ಟುವುದಿಲ್ಲ. ಇದನ್ನೇ ನಂಬಿ ಕೂತುಕೋ ಅಂತ ನಾನು ಮಗಳಿಗೆ ಹೇಳಿಲ್ಲ. ಅವಳು ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಆದರೂ ಭಾನುವಾರ ಸುಮ್ನೆ ಬಂದು ನನ್ನ ಹತ್ತಿರ ಕೂತು ಒಂದು ಚೆಂಡು ಕಟ್ಟುತ್ತಾಳೆ. ಅವಳ ಗಂಟು ನನ್ನ ಹಾಗಿಲ್ಲ, ಅಜ್ಜಿಯ ಹಾಗಿದೆ.

ಸಂಘಟಕರು ಈ ಕಾಗದ ಓದಿದರೆ ಒಂದು ವಿನಂತಿ. ಮುಂದಿನ ಸಲ ಕಾರ್ಯಕ್ರಮ ಮಧ್ಯಾಹ್ನದ ಮೇಲೆ ಇಡಿ. ಅವತ್ತು ಬೆಳಿಗ್ಗೆ ಇಟ್ಟದ್ದರಿಂದ ನನ್ನ ಎರಡು ಚೆಂಡು ಬಾಕಿಯಾಯಿತು.

– ಓದುಗಿ, ಶಂಕರಪುರ, ಉಡುಪಿ ಜಿಲ್ಲೆ