ಕಾಟು ಹೊಡೆದ ಹಾಳೆಗಳನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹೊಸದಾಗಿ ಬರೆಯುವವರಿಗೆಂದು ಬಂದ ಲೇಖನವನ್ನು ಎರಡು ಸಲ ಓದಿದೆ. ಅರ್ಧಕ್ಕೆ ನಿಂತದ್ದನ್ನು ಅಲ್ಲಿಗೇ ಬಿಟ್ಟು ಖಾಲಿ ಹಾಳೆಯಿಂದ ಹೊಸದಾಗಿ ಶುರುಮಾಡಿ ಎಂಬ ಸಲಹೆ ಅದರಲ್ಲಿತ್ತು. ಬರೆದವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಸಲಹೆಯನ್ನು ನಾನು 30 ವರ್ಷ ಪಾಲಿಸಿದವಳು. ಅದರಿಂದ ಏನಾಯಿತೆಂದು ಹೇಳಬೇಕೆನಿಸಿತು. ಜೊತೆಗೆ ತಮ್ಮಲ್ಲಿ ಒಂದು ಬೇಡಿಕೆಯೂ ಇದೆ.

ನಾನು ಮುದ್ರಣಾಲಯವೊಂದರಲ್ಲಿ 26 ವರ್ಷ ಪ್ರೂಫ್ ನೋಡಿದೆ, ಅಂದರೆ ಅಚ್ಚಿಗೆ ಮೊದಲು ತೆಗೆದ ಪ್ರತಿಯನ್ನು ಓದಿ ತಪ್ಪು ತಿದ್ದುವ ಕೆಲಸ. ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲಕ್ಕೆ ಸೇರಿ, ಕಂಪ್ಯೂಟರ್ ಬಂದು ಹಳತಾಗುವ ಹೊತ್ತಿಗೆ ನಿವೃತ್ತಳಾದೆ. ಬರಹಗಾರರ ಹಸ್ತಪ್ರತಿಗಳು ನನ್ನ ಮೇಜಿಗೆ ಬರುತ್ತಿದ್ದವು. ಓದುಗರ ಕೈಗೆ ಪುಸ್ತಕ ಸೇರುವಾಗ ಒಂದೇ ಒಂದು ಕಾಟು ಇರುವುದಿಲ್ಲ. ನಾನು ನೋಡುತ್ತಿದ್ದ ಹಾಳೆಗಳಲ್ಲಿ ಕಾಟಿಲ್ಲದ ಸಾಲೇ ಅಪರೂಪ. ಒಬ್ಬ ಕವಿ ಮೊದಲ ಪ್ರೂಫಿನಲ್ಲಿ ‘ಮೌನ’ ಎಂಬ ಪದ ಹೊಡೆದು ‘ನಿಶ್ಶಬ್ದ’ ಎಂದು ಬರೆದರು. ಎರಡನೆಯದರಲ್ಲಿ ಅದನ್ನೂ ಹೊಡೆದು ಜಾಗ ಖಾಲಿ ಬಿಟ್ಟರು. ಮೂರನೆಯ ಪ್ರೂಫಿನಲ್ಲಿ ಮತ್ತೆ ‘ಮೌನ’ ಬಂತು. ಮೊಳೆ ಜೋಡಿಸುವವರು ಬೇಸರಪಟ್ಟುಕೊಂಡರು. ನನಗೆ ಮಾತ್ರ ಆ ಹಾಳೆ ಬಿಸಾಡಲು ಮನಸ್ಸಾಗಲಿಲ್ಲ. ಮೊದಲ ‘ಮೌನ’ ತಾನಾಗಿ ಬಂದದ್ದು, ಕೊನೆಯದು ಆರಿಸಿಕೊಂಡದ್ದು. ಅಚ್ಚಾದ ಪುಸ್ತಕದಲ್ಲಿ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಇಷ್ಟನ್ನೆಲ್ಲ ನೋಡಿಯೂ ನನ್ನ ಸ್ವಂತ ಬರವಣಿಗೆಯಲ್ಲಿ ನಾನು ಅದನ್ನು ಅನ್ವಯಿಸಿಕೊಳ್ಳಲಿಲ್ಲ. 1994ರಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ ಬರೆದಿಟ್ಟೆ: ‘ಗಡಿಯಾರ ರಿಪೇರಿ ಮಾಡುವವನ ಮಗಳಿಗೆ ಗಂಟೆ ನೋಡಲು ಬರುತ್ತಿರಲಿಲ್ಲ.’ ಎಲ್ಲಿಂದ ಬಂತೋ ತಿಳಿಯದು, ಬಹಳ ಇಷ್ಟವಾಯಿತು. ಕಥೆ ಮಾಡಬೇಕೆಂದು ಕುಳಿತೆ. ಒಂದು ಪುಟ ಚೆನ್ನಾಗಿ ಬಂತು, ಎರಡನೆಯದರ ಅರ್ಧಕ್ಕೆ ನಿಂತಿತು. ಕೆಲವು ವರ್ಷ ಬಿಟ್ಟು ಹೊಸ ನೋಟ್‌ಬುಕ್ ತಂದು ಹೊಸದಾಗಿ ಶುರುಮಾಡಿದೆ. ಮತ್ತೆ ಅಲ್ಲಿಗೇ ನಿಂತಿತು. ಹೀಗೆ 5 ಸಲ. ಈಗ ಆ ಐದೂ ಮೊದಲ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕಿಂತ ಒಂದು ಅಂದವಾಗಿವೆ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಹೊಸ ಹಾಳೆಯ ಉತ್ಸಾಹವೆಲ್ಲ ನನಗೆ ಮೊದಲೇ ಗೊತ್ತಿದ್ದ ಭಾಗವನ್ನು ಮತ್ತೆ ಬರೆಯುವುದಕ್ಕೇ ಖರ್ಚಾಗುತ್ತಿತ್ತು. ಗೊತ್ತಿಲ್ಲದ ಭಾಗ ಎದುರಾದಾಗ ಕೈ ಬರಿದಾಗಿರುತ್ತಿತ್ತು.

ಹೋದ ವರ್ಷ ಆರನೆಯ ಸಲ ಶುರುಮಾಡಲಿಲ್ಲ. ಐದನೆಯ ಕರಡು ನಿಂತ ಜಾಗಕ್ಕೇ ಹೋಗಿ ಕುಳಿತು ಆ ವಾಕ್ಯವನ್ನು ಒಂದೇ ಪ್ರಶ್ನೆ ಕೇಳಿದೆ: ಯಾಕೆ ಬರುತ್ತಿರಲಿಲ್ಲ? ಹುಡುಗಿ ದಡ್ಡಿಯೇ? ಅಲ್ಲ. ಅಪ್ಪ ಕಲಿಸಲಿಲ್ಲವೇ? ಅದೂ ಅಲ್ಲ. ಮೂರು ದಿನ ಉತ್ತರ ಸಿಗಲಿಲ್ಲ. ನಾಲ್ಕನೆಯ ದಿನ ಆ ಅಂಗಡಿಯ ಗೋಡೆ ಕಣ್ಣಿಗೆ ಕಟ್ಟಿತು. ರಿಪೇರಿಗೆ ಬಂದ ಗಡಿಯಾರಗಳು. ಒಂದು ಎರಡೂವರೆ ತೋರಿಸುತ್ತಿದೆ, ಇನ್ನೊಂದು ಒಂಬತ್ತು, ಮತ್ತೊಂದು ನಿಂತೇ ಹೋಗಿದೆ. ಹುಟ್ಟಿದಾಗಿನಿಂದ ಆ ಗೋಡೆಯನ್ನು ನೋಡಿದ ಮಗು ಯಾವ ಗಡಿಯಾರವನ್ನು ನಂಬಬೇಕು? ಅವಳು ಹೊತ್ತು ತಿಳಿಯುತ್ತಿದ್ದದ್ದು ಅಪ್ಪನನ್ನು ನೋಡಿ. ಅವನು ಭೂತಗನ್ನಡಿ ತೆಗೆದು ಕಣ್ಣು ಉಜ್ಜಿಕೊಂಡರೆ ಸಂಜೆ. ಅಷ್ಟು ಹೊಳೆದ ಮೇಲೆ ಉಳಿದದ್ದು ದುಡಿಮೆ. ನಾಲ್ಕು ತಿಂಗಳು, ಏಳು ಕರಡು, 11 ಪುಟ. ಒಂದು ಸಂಗತಿಯಂತೂ ನನ್ನನ್ನು ಅಲುಗಾಡಿಸಿತು: ನಾನು 30 ವರ್ಷ ಕಾಪಾಡಿಕೊಂಡು ಬಂದ ಆ ವಾಕ್ಯವೇ ಮುಗಿದ ಕಥೆಯಲ್ಲಿಲ್ಲ. ಈ ಏಳರಲ್ಲಿ ಆರನೆಯ ಕರಡಿನಲ್ಲಿ ಅದನ್ನು ಹೊಡೆದು ಹಾಕಿದೆ. ಕಥೆಯೇ ಆ ಮಾತನ್ನು ಹೇಳುತ್ತಿದ್ದಾಗ ವಾಕ್ಯ ಅಡ್ಡ ನಿಂತಿತ್ತು.

ಹೊಳೆದದ್ದನ್ನು ಬರೆದಿಡಿ ಎಂದೂ ಲೇಖನದಲ್ಲಿ ಹೇಳಿದ್ದಾರೆ. ಒಪ್ಪುತ್ತೇನೆ, ಆದರೆ ನಾಳೆಗೂ ಅರ್ಥವಾಗುವ ಹಾಗೆ ಬರೆದಿಡಬೇಕು. ನನ್ನ ನೋಟ್‌ಬುಕ್ಕಿನಲ್ಲಿ ‘ನೀಲಿ ಕೊಡೆ, ಎರಡು ಸಲ’ ಎಂದೊಂದು ಸಾಲಿದೆ. ಅದೇನೆಂದು ಇವತ್ತಿಗೂ ನೆನಪಿಗೆ ಬಂದಿಲ್ಲ. ಓಟ್ಟೊ ಲೋವಿ ಎಂಬ ವಿಜ್ಞಾನಿಗೂ ಹೀಗೇ ಆಗಿತ್ತು. ನರಗಳು ಹೃದಯಕ್ಕೆ ಸಂದೇಶ ಮುಟ್ಟಿಸುವುದು ರಾಸಾಯನಿಕದ ಮೂಲಕವೇ ಎಂದು ಪರೀಕ್ಷಿಸುವ ಉಪಾಯ ಅವರಿಗೆ ನಡುರಾತ್ರಿ ಹೊಳೆಯಿತು. ಚೀಟಿಯ ಮೇಲೆ ಗೀಚಿ ಮಲಗಿದರು. ಬೆಳಿಗ್ಗೆ ತಮ್ಮ ಅಕ್ಷರವನ್ನು ತಾವೇ ಓದಲಾಗಲಿಲ್ಲ. ಮರುರಾತ್ರಿ ಅದೇ ಉಪಾಯ ಮತ್ತೆ ಹೊಳೆದಾಗ ಚೀಟಿಯನ್ನು ನಂಬಲಿಲ್ಲ, ಎದ್ದು ನೇರ ಪ್ರಯೋಗಾಲಯಕ್ಕೆ ಹೋದರು. ಒಂದು ಕಪ್ಪೆಯ ಹೃದಯದ ಬಡಿತವನ್ನು ನರದ ಮೂಲಕ ನಿಧಾನಗೊಳಿಸಿ, ಅದರೊಳಗಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು. 1921ರಲ್ಲಿ ಅದು ಪ್ರಕಟವಾಯಿತು, 1936ರಲ್ಲಿ ನೊಬೆಲ್ ಬಹುಮಾನವೂ ಬಂತು. ಎಲ್ಲರಿಗೂ ಎರಡನೆಯ ರಾತ್ರಿ ಸಿಗುವುದಿಲ್ಲ. ಅದಕ್ಕೇ ಈಗ ಪ್ರತಿ ಟಿಪ್ಪಣಿಯ ಕೆಳಗೆ, ಅದು ನನ್ನನ್ನು ಯಾಕೆ ಹಿಡಿದು ನಿಲ್ಲಿಸಿತು ಎಂದು ಒಂದು ಸಾಲು ಸೇರಿಸುತ್ತೇನೆ.

ಅರ್ಧಕ್ಕೆ ನಿಂತದ್ದೆಲ್ಲವನ್ನೂ ಮುಗಿಸಲೇಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಟಿಪ್ಪಣಿಗಳಲ್ಲಿ ಬಹಳಷ್ಟು ಹಾಗೇ ಹೋಗುತ್ತವೆ, ಹೋಗಲಿ. ವರ್ಷಗಳ ನಂತರ ಓದಿದರೂ ಯಾವುದು ಒಂದು ಪ್ರಶ್ನೆ ಎಬ್ಬಿಸುತ್ತದೋ ಅದಕ್ಕೆ ಮಾತ್ರ ಜೀವ ಇದೆ. ಜೀವವಿಕಾಸದ ಬಗೆಗಿನ ತಮ್ಮ ವಿಚಾರವನ್ನು ವಿಜ್ಞಾನಿ ಡಾರ್ವಿನ್ 1842ರಲ್ಲಿ ಪೆನ್ಸಿಲಿನಲ್ಲಿ 35 ಪುಟ ಗೀಚಿದರು, 1844ರಲ್ಲಿ ಅದನ್ನೇ ಸುಮಾರು 230 ಪುಟಕ್ಕೆ ಬೆಳೆಸಿದರು, ಪುಸ್ತಕ ಹೊರಬಂದದ್ದು 1859ರಲ್ಲಿ. ಸಂಗೀತ ರಚನಕಾರ ಬೀಥೊವನ್ ತಮ್ಮ ಏಕೈಕ ಒಪೆರಾವನ್ನು, ಅಂದರೆ ಸಂಗೀತ ನಾಟಕವನ್ನು, 1805ರಲ್ಲಿ ರಂಗಕ್ಕೆ ತಂದ ಮೇಲೂ ಬಿಡದೆ, 1806ರಲ್ಲಿ ತಿದ್ದಿ, 1814ರಲ್ಲಿ ಮತ್ತೆ ತಿದ್ದಿದರು. ಅದೊಂದಕ್ಕೇ ನಾಲ್ಕು ಪೀಠಿಕಾ ಸಂಗೀತ ಬರೆದರು. ಹಳೆಯದಕ್ಕೆ ಮರಳುವುದನ್ನು ಇವರು ಸೋಲೆಂದು ಎಣಿಸಿದ್ದರೆ ಆ ಕೆಲಸಗಳು ನಮ್ಮವರೆಗೆ ಬರುತ್ತಿರಲಿಲ್ಲ.

ಈಗ ನನ್ನ ಬೇಡಿಕೆ. ತಮ್ಮ ಪುರವಣಿಯಲ್ಲಿ ಪ್ರತಿ ವಾರ ಕಥೆ, ಕವಿತೆ ಬರುತ್ತವೆ. ತಿಂಗಳಿಗೊಮ್ಮೆಯಾದರೂ, ಲೇಖಕರ ಒಪ್ಪಿಗೆ ಪಡೆದು, ಮುಗಿದ ಬರಹದ ಪಕ್ಕದಲ್ಲೇ ಅದರ ಮೊದಲ ಕರಡಿನ ಒಂದು ಪುಟವನ್ನು ಕಾಟು, ಬಾಣದ ಗುರುತು, ಅಂಚಿನ ಟಿಪ್ಪಣಿಗಳ ಸಮೇತ ಹಾಗೇ ಅಚ್ಚು ಹಾಕಿ. ಯಾವ ಬದಲಾವಣೆಯನ್ನು ಯಾಕೆ ಮಾಡಿದರೆಂದು ಲೇಖಕರಿಂದ ನಾಲ್ಕು ಸಾಲು ಬರೆಸಿ. ಇದು ಈಗಲೇ ಆಗಬೇಕಾದ ಕೆಲಸ. ಪರದೆಯ ಮೇಲೆ ಅಳಿಸಿದ ಪದ ಗುರುತೇ ಇಲ್ಲದಂತೆ ಹೋಗುತ್ತದೆ. ಇವತ್ತಿನ ಮಕ್ಕಳು ಬೇರೆಯವರ ಮುಗಿದ ಬರಹವನ್ನು ತಮ್ಮ ಮೊದಲ ಕರಡಿನ ಜೊತೆ ಹೋಲಿಸಿ ನೋಡಿ, ತಮಗೆ ಬರೆಯಲು ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದ ಇಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಏಳೂ ಕರಡುಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದ ದಿನ ಅವರಲ್ಲಿ ಚಿಕ್ಕವಳು ಎದ್ದು ಹೋಗಿ, ತಾನು ಮುದುರಿ ಎಸೆದಿದ್ದ ಹಾಳೆಯನ್ನು ಕಸದ ಬುಟ್ಟಿಯಿಂದ ತೆಗೆದು ತಂದಳು.

ಅಂಕಣ ಶುರುವಾಗುವುದಾದರೆ ಮೊದಲ ಸಲಕ್ಕೆ ನನ್ನ ಐದು ಮೊದಲ ಪುಟಗಳನ್ನೂ ಏಳು ಕರಡುಗಳನ್ನೂ ಕಳಿಸಿಕೊಡಲು ಸಿದ್ಧಳಿದ್ದೇನೆ. 1994ರ ಹಾಳೆಯಲ್ಲಿ ಶಾಯಿ ಮಾಸಿದೆ, ಆದರೆ ಬೆಳಕಿಗೆ ಹಿಡಿದರೆ ಓದಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೂಫ್ ರೀಡರ್