ಸಂಗಮದಲ್ಲಿ ಬಟ್ಟೆ ಬಿಡುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಕೊಡಗಿನ ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ಹೋಗುತ್ತಿದ್ದಾರೆ. ತುಲಾ ಸಂಕ್ರಮಣಕ್ಕೆ ಹೆಚ್ಚು ದಿನ ಉಳಿದಿಲ್ಲ. ಈಗಲೇ ಎಚ್ಚೆತ್ತುಕೊಳ್ಳದಿದ್ದರೆ ಅಂದು ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆ ಬರುವ ಜನಸಾಗರದ ನಡುವೆ ಯಾರೂ ಏನೂ ಮಾಡಲಾಗದು ಎಂಬ ಕಳವಳದಿಂದ ಬರೆಯುತ್ತಿದ್ದೇನೆ.

ಮೊನ್ನೆ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ನನ್ನ ಪತ್ನಿ, ‘ಭಾಗಮಂಡಲಕ್ಕೆ ಹೋಗಿ ಬರೋಣವೇ?’ ಎಂದಳು. ಹರಕೆಯಿಲ್ಲ, ವಿಶೇಷ ದಿನವೂ ಅಲ್ಲ. ಸುಂಟಿಕೊಪ್ಪದಿಂದ ಮಡಿಕೇರಿಗೆ ಬಂದು, ಚೇರಂಬಾಣೆ ಮಾರ್ಗವಾಗಿ ಹೋಗುವ ಬಸ್ಸು ಹತ್ತಿದೆವು. ಇಷ್ಟು ವರ್ಷ ಸಂಕ್ರಮಣದ ನೂಕುನುಗ್ಗಲಿನಲ್ಲೇ ಅಲ್ಲಿಗೆ ಹೋದವರು ನಾವು. ಜನವಿಲ್ಲದ ದಿನ ಕನ್ನಿಕೆ ಬಂದು ಕಾವೇರಿಯನ್ನು ಕೂಡುವುದನ್ನು ದಡದಲ್ಲಿ ನಿಂತು ನೋಡುವ ಭಾಗ್ಯ ಅಂದು ಸಿಕ್ಕಿತು. ಮೂರನೆಯ ನದಿ ಸುಜ್ಯೋತಿ ಗುಪ್ತಗಾಮಿನಿ, ಅವಳಿಗೆ ಮನಸ್ಸಿನಲ್ಲೇ ಕೈಮುಗಿದೆವು.

ಆದರೆ ನೀರಿನತ್ತ ಬಗ್ಗಿದಾಗ ಕಂಡದ್ದೇ ಬೇರೆ. ದಡದ ಮರದ ಬೇರಿಗೆ ಹಸಿರು ಪಾಲಿಯೆಸ್ಟರ್ ಸೀರೆಯೊಂದು ಸುತ್ತಿಕೊಂಡಿತ್ತು. ಅರ್ಧ ಮರಳಿನಲ್ಲಿ ಹೂತು, ಸೆರಗು ಮಾತ್ರ ಹರಿವಿನಲ್ಲಿ ಆಡುತ್ತಿತ್ತು. ಅದರ ಮಡಿಕೆಯಲ್ಲಿ ಪಿಂಡದ ಅನ್ನದ ಅಗುಳು, ಒಂದು ಬನಿಯನ್ನು, ಹರಿದ ಟವೆಲ್. ಎಳೆದರೆ ಬಾರದಷ್ಟು ಭದ್ರವಾಗಿ ಕಚ್ಚಿಕೊಂಡಿತ್ತು. ಹಿಂದೆ ನೂಲಿನ ಬಟ್ಟೆ ನೀರಿನಲ್ಲಿ ಕೊಳೆತು ಕರಗುತ್ತಿತ್ತು. ಈಗಿನದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ, ಇಲ್ಲವೇ ಮಳೆಗಾಲದ ನೆರೆಯಲ್ಲಿ ಕೆಳಗಿನ ಊರುಗಳಿಗೆ ಹೋಗುತ್ತದೆ.

ಬಿಟ್ಟ ಬಟ್ಟೆಯ ಜೊತೆ ದೋಷವೂ ಹೋಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ, ನಿಜ. ಆದರೆ ಎಲ್ಲರೂ ನಂಬಿಕೆಯಿಂದಲೇ ಬಿಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಬಯಲುಸೀಮೆಯಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಮಿಂದು ಮೇಲೆ ಬಂದಾಗ, ಸೊಸೆ ದುಪ್ಪಟ್ಟಾವನ್ನೇ ಮರೆಯಾಗಿ ಹಿಡಿದು ನಿಂತಿದ್ದಳು. ಸೀರೆ ಬದಲಿಸಿದ ಮೇಲೆ ಆ ತಾಯಿ ನನ್ನ ಪತ್ನಿಯನ್ನು ಕೇಳಿದರು: ‘ಇದನ್ನು ಇಲ್ಲೇ ಬಿಡಬೇಕಾ ಅಮ್ಮಾ? ಒದ್ದೆ ಸೀರೆ ಹಿಡಿದುಕೊಂಡು ಬಸ್ಸು ಹತ್ತುವುದು ಹೇಗೆ?’ ಬಿಡಬೇಕಿಲ್ಲ ಎಂದು ಹೇಳಿ ಇವಳು ತನ್ನ ಕೈಚೀಲ ಕೊಟ್ಟಳು. ಅವರು ಸಂತೋಷದಿಂದಲೇ ಮಡಚಿ ಇಟ್ಟುಕೊಂಡರು. ನಮ್ಮಂತೆ ದಿಢೀರನೆ ಹೊರಟು ಬರುವವರು ಈಗ ಬಹಳ. ಅವರ ಬಳಿ ಚೀಲವಿರುವುದಿಲ್ಲ, ಇಲ್ಲಿನ ಪದ್ಧತಿಯೂ ಗೊತ್ತಿರುವುದಿಲ್ಲ. ಪಕ್ಕದವರು ಬಿಟ್ಟದ್ದನ್ನು ನೋಡಿ ತಾವೂ ಬಿಡುತ್ತಾರೆ.

ಕೊಡವರ ಮನೆಗಳಲ್ಲಿ ಕಣಿಪೂಜೆಯ ದಿನ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಅವಳೇ ಕಾವೇರಮ್ಮ ಎಂದು ಮನೆಮಂದಿಯೆಲ್ಲ ಅಕ್ಕಿ ಹಾಕಿ ನಮಸ್ಕರಿಸುತ್ತಾರೆ. ಹೊಸ ರೇಷ್ಮೆ ಉಡುವ ತಾಯಿಯ ಮಡಿಲಿಗೆ ಮೈಯಿಂದ ಕಳಚಿದ ಹಳೆ ಬಟ್ಟೆ ಎಸೆಯುವುದನ್ನು ಈ ಜಿಲ್ಲೆಯವರು ಹೇಗೆ ಸಹಿಸಿಕೊಂಡಿದ್ದೇವೋ ತಿಳಿಯದು.

ನಂತರ ಭಗಂಡೇಶ್ವರನ ದರ್ಶನ ಮಾಡಿ, ಎಂಟು ಕಿಲೋಮೀಟರ್ ಮೇಲಿನ ತಲಕಾವೇರಿಗೂ ಹೋಗಿ ಬಂದೆವು. ಕಾವೇರಿ ಹುಟ್ಟುವ ಬ್ರಹ್ಮಕುಂಡಿಕೆಯ ಮುಂದೆ ನಿಂತಾಗಲೂ ಮನಸ್ಸು ಆ ಸೀರೆಯಲ್ಲೇ ಇತ್ತು. ಅಷ್ಟು ಚಿಕ್ಕ ಕುಂಡಿಕೆಯಿಂದ ಹೊರಟವಳು ಸುಮಾರು 800 ಕಿಲೋಮೀಟರ್ ಹರಿದು ಕಡಲು ಸೇರಬೇಕು. ಮೈಸೂರು, ಬೆಂಗಳೂರಿನವರು ಕುಡಿಯುವುದೂ ಇವಳನ್ನೇ. ಮೊದಲ ಸಂಗಮದಲ್ಲೇ ನಾವು ಹೀಗೆ ಮಾಡಿದರೆ ಕೆಳಗಿನವರಿಗೆ ಬುದ್ಧಿ ಹೇಳುವ ಬಾಯಿ ನಮಗೆ ಎಲ್ಲಿಯದು?

ನೆರೆಗೆ ರಸ್ತೆ ಮುಳುಗುತ್ತದೆಂದು ಭಾಗಮಂಡಲದಲ್ಲಿ ಮೇಲ್ಸೇತುವೆಯನ್ನೇ ಕಟ್ಟಿದ್ದಾರೆ. ಅದರ ಮುಂದೆ ನಾನು ಕೇಳುತ್ತಿರುವುದು ಅಲ್ಪ. ಸ್ನಾನದ ಮೆಟ್ಟಿಲುಗಳ ಹತ್ತಿರವೇ ಹೆಂಗಸರಿಗೆ ಬಟ್ಟೆ ಬದಲಿಸಲು ಬಾಗಿಲು, ಚಿಲಕ, ಬಟ್ಟೆ ನೇತುಹಾಕಲು ಗೂಟವಿರುವ ಸಾಕಷ್ಟು ಕೋಣೆಗಳಿರಲಿ. ಮನೆಗೆ ಒಯ್ಯಲು ಮನಸ್ಸಿಲ್ಲದವರು ಬಟ್ಟೆ ಹಾಕಲು ದೊಡ್ಡ ತೊಟ್ಟಿಯೊಂದು ಇರಲಿ, ಅದನ್ನು ದಿನವೂ ಖಾಲಿ ಮಾಡಲಿ. ‘ಬಟ್ಟೆಯನ್ನು ನದಿಗೆ ಬಿಡಬೇಡಿ’ ಎಂಬ ಫಲಕ ಕನ್ನಡದ ಜೊತೆಗೆ ಮಲಯಾಳ, ತಮಿಳು, ತೆಲುಗಿನಲ್ಲೂ ಇರಲಿ. ಪಿಂಡಪ್ರದಾನ ಮಾಡಿಸುವ ಪುರೋಹಿತರು ಸಂಕಲ್ಪ ಹೇಳಿಸುವಾಗಲೇ ಒಂದು ಮಾತು ತಿಳಿಸಿದರೆ ನೂರು ಫಲಕಕ್ಕಿಂತ ಹೆಚ್ಚು ಫಲ ಸಿಕ್ಕೀತು. ಅಂಗಡಿಯವರು ಕಡಿಮೆ ಬೆಲೆಗೆ ಬಟ್ಟೆಯ ಚೀಲ ಇಟ್ಟರೆ ಅವರಿಗೂ ವ್ಯಾಪಾರ.

ತುಲಾ ಮಾಸ ಆರಂಭವಾಗುವ ಮೊದಲೇ ಸಂಬಂಧಪಟ್ಟವರು ಸಂಗಮದ ತಳದಲ್ಲಿರುವ ಬಟ್ಟೆಯನ್ನು ಎತ್ತಿಸಬೇಕು. ಕರೆದರೆ ಆ ಕೆಲಸಕ್ಕೆ ನಾವಿಬ್ಬರೂ ಬರುತ್ತೇವೆ.

– ಓದುಗ, ಸುಂಟಿಕೊಪ್ಪ