ಟಿಕೆಟ್ ಮುಚ್ಚಿದ್ದೀರಿ, ಚಿಪ್ಪು ಮುಚ್ಚುತ್ತಿಲ್ಲ: ನಿಮ್ಮ ಸೇವಾ ವಿಭಾಗದ ಮೇಲೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ.

ಪ್ರತಿ: ಬೆಳಗಾವಿ ಶಾಖೆಯ ಮುಖ್ಯಸ್ಥರಿಗೆ

ವಿಷಯ: ಸಮುದ್ರ ನೀರಿನ ಅಕ್ವೇರಿಯಂಗೆ ವಾರ್ಷಿಕ ನಿರ್ವಹಣಾ ಒಪ್ಪಂದದಡಿ ಕೊಟ್ಟ ತಪ್ಪು ಚಿಕಿತ್ಸೆ ಮತ್ತು ಅದರಿಂದಾದ ನಷ್ಟ.

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾಯಿತು, ನಿಮ್ಮ ಸಹಾಯವಾಣಿಯ ಹಿನ್ನೆಲೆ ಸಂಗೀತ ಬಾಯಿಪಾಠವೂ ಆಯಿತು. ನಿನ್ನೆ ನಿಮ್ಮ ಕಡೆಯಿಂದ ಒಂದು ಸಾಲಿನ ಉತ್ತರ ಬಂತು: "ಜೀವಿಗಳ ಸಾವಿಗೆ ಕಂಪನಿ ಹೊಣೆಯಲ್ಲ, ಟಿಕೆಟ್ ಕ್ಲೋಸ್ ಮಾಡಲಾಗಿದೆ." ಟಿಕೆಟ್ ನೀವು ಮುಚ್ಚಬಹುದು. ನನ್ನ ಕ್ಲಾಮ್ ಎಂಬ ಜೋಡಿಚಿಪ್ಪಿನ ಕಡಲಜೀವಿಯ ಚಿಪ್ಪು ಮುಚ್ಚುತ್ತಿಲ್ಲ, ತೊಂದರೆ ಇರುವುದೇ ಅಲ್ಲಿ.

ನಾನು ಟಿಳಕವಾಡಿಯ ನಿವಾಸಿ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಿಮ್ಮ ಶಾಖೆಯಿಂದಲೇ ಟ್ಯಾಂಕು, ಉಪ್ಪು, ಆರ್‌ಒ ಯಂತ್ರ, ಲೈಟು ಎಲ್ಲ ತಂದಿದ್ದೇನೆ. ರಾಕಸಕೊಪ್ಪದ ನಲ್ಲಿ ನೀರನ್ನು ನೇರವಾಗಿ ಹಾಕುವ ಹಾಗಿಲ್ಲ ಎಂದು ಹೇಳಿಕೊಟ್ಟವರೂ ನೀವೇ, ಅದಕ್ಕೆ ಕೃತಜ್ಞತೆ ಇದೆ. ಟ್ಯಾಂಕಿನಲ್ಲಿ ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಗಾಜು ಉಜ್ಜುವ ಬಸವನಹುಳಗಳು ಮತ್ತು ನಿಮ್ಮ ಬಿಲ್ಲಿನಲ್ಲಿ "ಡಿಸ್ಕೋ ಕ್ಲಾಮ್" ಎಂದು ಬರೆದ ಒಂದು ಜೋಡಿ ಇದ್ದವು. ಕಲ್ಲುಹವಳ ಇಲ್ಲ; ಕಾನೂನಿನ ಪ್ರಕಾರ ಇಡುವ ಹಾಗೂ ಇಲ್ಲ.

ಮಾರುವಾಗ ನಿಮ್ಮ ಕೌಂಟರಿನವರು "ಇದರ ತುಟಿಯೊಳಗ ಕರೆಂಟ್ ಐತ್ರಿ" ಅಂದಿದ್ದರು. ಅಲ್ಲಿ ಕರೆಂಟೂ ಇಲ್ಲ, ಮಿಂಚುಹುಳದ ಬೆಳಕೂ ಇಲ್ಲ. ಮ್ಯಾಂಟಲ್, ಅಂದರೆ ಚಿಪ್ಪಿನೊಳಗಿನ ಮೆತ್ತನೆಯ ಪದರ, ಅದರ ಅಂಚಿನಲ್ಲಿರುವ ಸಿಲಿಕಾದ ಅತಿ ಸೂಕ್ಷ್ಮ ಗೋಳಗಳು ಹೊರಗಿನ ಬೆಳಕನ್ನು ಪ್ರತಿಫಲಿಸುತ್ತವೆ, ಆ ಅಂಚು ಬಿಚ್ಚಿ ಮಡಚಿ ಆಡುವುದರಿಂದ ಮಿಂಚಿದಂತೆ ಕಾಣುತ್ತದೆ. 2014ರಲ್ಲೇ ಇದು ಸಂಶೋಧನೆಯಲ್ಲಿ ಪ್ರಕಟವಾಗಿದೆ. ಆಗ ನಾನು ಸುಮ್ಮನಿದ್ದೆ. ಮಾರುವವರು ಸ್ವಲ್ಪ ಮಸಾಲೆ ಹಾಕುವುದು ಸಹಜ.

ಕಳೆದ ತಿಂಗಳು ಎರಡರಲ್ಲಿ ದೊಡ್ಡದು ಮಂಕಾಯಿತು. ಮೊದಲೆಲ್ಲ ಕೈಯ ನೆರಳು ಬಿದ್ದರೆ ಸಾಕು, ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಈಗ ಬೆರಳು ತಾಗಿಸಿದರೂ ಅರ್ಧಕ್ಕೆ ಮುಚ್ಚಿ ಮತ್ತೆ ಬಾಯಿ ಬಿಡುತ್ತಿತ್ತು. ಮ್ಯಾಂಟಲ್ ಚಿಪ್ಪಿನ ಅಂಚಿನಿಂದ ಒಳಕ್ಕೆ ಸರಿದಿತ್ತು, ಕೆಂಪು ಎಳೆಗಳು ತುಂಡಾಗಿದ್ದವು, ಕಲ್ಲಿನ ಸಂದಿಯಲ್ಲಿ ತಾನೇ ನೂಲು ಬಿಟ್ಟು ಕಚ್ಚಿಕೊಂಡಿದ್ದದ್ದು ಸಡಿಲಾಗಿ ಮರಳಿನ ಮೇಲೆ ಬಿದ್ದಿತ್ತು. ಇಷ್ಟನ್ನೂ ಬರೆದು ನಿಮ್ಮ "ಜೀವಿ ಆರೋಗ್ಯ ತಪಾಸಣೆ" ಸೇವೆಗೆ ಬುಕ್ ಮಾಡಿದೆ. ಹಣ ಮುಂಗಡವಾಗಿಯೇ ಕಟ್ಟಿಸಿಕೊಂಡಿರಿ.

ಬಂದವನು ನಿಮ್ಮ "ಸೀನಿಯರ್ ಟೆಕ್ನಿಷಿಯನ್". ಅಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮ್ಮ ದಾಖಲೆಯಲ್ಲಿ "ಭೇಟಿ ಯಶಸ್ವಿ" ಎಂದು ಇದೆಯಂತೆ.

ಬಾಗಿಲಲ್ಲೇ ಕೇಳಿದ: "ಯಜಮಾನ್ರ ಇಲ್ಲೇನ್ರಿ ಅಕ್ಕಾರ?"

"ಅದಾರ. ಯಾಕ?"

"ಟ್ಯಾಂಕಿನ ವಿಷಯ ಮಾತಾಡೂದಿತ್ರಿ."

"ಟ್ಯಾಂಕ್ ನಂದು. ಒಪ್ಪಂದಕ್ಕ ಸಹಿ ಮಾಡಿದಾಕಿನೂ ನಾನ. ನನ್ನ ಜೋಡಿ ಮಾತಾಡ್ರಿ."

"ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿ, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರನ್ನು "ಕಾಕಾರ, ಸ್ವಲ್ಪ ಈ ಕಡೆ ಬರ್ರಿ" ಎಂದು ಕರೆದ. ನನ್ನನ್ನು ಅಕ್ಕ ಅಂದವನು ಅವರನ್ನು ಕಾಕಾ ಅಂದ. ಆ ಲೆಕ್ಕದ ಬಗ್ಗೆ ನನ್ನ ದೂರಿಲ್ಲ. ನಮ್ಮವರಿಗೆ ಆ ಟ್ಯಾಂಕಿನ ಸ್ವಿಚ್ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಪಾಪ, ಎದ್ದು ಬಂದು ನಿಂತರು.

ಟ್ಯಾಂಕಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ ಅವರಿಗೆ ಹೇಳಿದ: "ಬಿಳಿ ಚುಕ್ಕಿ ರೋಗ ಐತ್ರಿ ಕಾಕಾರ. ಚಿಪ್ಪಿನ ತುಂಬ ಹಬ್ಬೈತಿ."

ನಾನು ಭೂತಗನ್ನಡಿ ತಂದೆ. ಚಿಪ್ಪಿನ ಮೇಲಿದ್ದದ್ದು ಸಾಸಿವೆಗಿಂತ ಚಿಕ್ಕ, ಬಿಳಿಯ, ಸುರುಳಿ ಸುತ್ತಿದ ಸುಣ್ಣದ ಕೊಳವೆಗಳು. ಸ್ಪೈರಾರ್ಬಿಸ್ ಜಾತಿಯ ಹುಳಗಳ ಮನೆ. ನೀರಿನಲ್ಲಿ ತೇಲುವ ಕಣ ತಿಂದುಕೊಂಡು ತಮ್ಮ ಪಾಡಿಗೆ ತಾವಿರುವ ನಿರುಪದ್ರವಿಗಳು, ನನ್ನ ಹಿಂದಿನ ಗಾಜಿನ ಮೇಲೂ ಕಲ್ಲಿನ ಮೇಲೂ ಇವೆ. ಅವನು ಹೇಳಿದ ಬಿಳಿ ಚುಕ್ಕಿ ರೋಗ ಬರುವುದು ಮೀನಿಗೆ, ಚಿಪ್ಪಿಗಲ್ಲ. ಅಷ್ಟು ಹೇಳಿ ಕನ್ನಡಿಯನ್ನು ಅವನ ಕೈಗೆ ಕೊಡಹೋದೆ.

"ಭೂತಗನ್ನಡಿ ಹಿಡಕೊಂಡ ಕುಂತ್ರ ರೋಗ ಹೋಗೂದಿಲ್ರಿ ಅಕ್ಕಾರ."

"ನೀರಿನ ಉಪ್ಪರ ನೋಡ್ರಿ ಮೊದ್ಲ" ಅಂದೆ.

ಅವನು ಬೆರಳನ್ನು ನೀರಿನಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡು "ಬರೋಬ್ಬರಿ ಐತ್ರಿ" ಅಂದ. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರು ಅವನ ಬ್ಯಾಗಿನ ಪಕ್ಕದ ಜೇಬಿನಿಂದ ಇಣುಕುತ್ತಿತ್ತು, ಹೊರಗೆ ಬರಲಿಲ್ಲ. ನಾನೇ ನನ್ನದರಲ್ಲಿ ನೋಡಿ ಸಾಪೇಕ್ಷ ಸಾಂದ್ರತೆ 1.025, ಸರಿಯಾಗಿಯೇ ಇದೆ ಎಂದು ತೋರಿಸಿದೆ. ಉಪ್ಪಿನ ತೊಂದರೆ ಅಲ್ಲ, ಇದಕ್ಕೆ ಊಟ ಸಾಲುತ್ತಿಲ್ಲ ಅನಿಸುತ್ತದೆ, ನಿಮ್ಮ ಅಂಗಡಿಯಲ್ಲಿ ಫೈಟೋಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಬಾಟಲಿ ಕೇಳಿದರೆ ಬೇಕಿಲ್ಲ ಅಂದು ವಾಪಸ್ ಕಳಿಸಿದ್ದಾರೆ ಎಂದೆ.

"ಇದಕ್ಕ ಊಟ ಬೇಕಿಲ್ರಿ, ಲೈಟ್ ತಿಂದ ಬದಕ್ತೈತಿ" ಎಂದು ನಮ್ಮವರ ಕಡೆ ತಿರುಗಿ, "ಹೆಣ್ಮಕ್ಳು ಅಂದ್ರ ಕಂಡಾರ್ಗೆಲ್ಲಾ ಉಣಸೂದ ನೋಡ್ರಿ ಕಾಕಾರ" ಅಂದ.

ನಮ್ಮವರು ನಕ್ಕರು. ಆ ನಗುವಿನ ವಿಚಾರಣೆ ಮನೆಯೊಳಗೆ ಪ್ರತ್ಯೇಕವಾಗಿ ನಡೆದಿದೆ, ಅದು ನಿಮಗೆ ಸಂಬಂಧಿಸಿದ್ದಲ್ಲ. ನಿಮಗೆ ಸಂಬಂಧಿಸಿದ್ದು ಇಷ್ಟು: ಬೆಳಕಿನಿಂದ ಬದುಕುವುದು ಟ್ರೈಡಾಕ್ನಾ ಜಾತಿಯ ದೈತ್ಯ ಕ್ಲಾಮ್‌ಗಳು, ಅವುಗಳ ಮ್ಯಾಂಟಲಿನಲ್ಲಿ ಆಹಾರ ತಯಾರಿಸುವ ಪಾಚಿ ಇರುತ್ತದೆ. ಡಿಸ್ಕೋ ಕ್ಲಾಮಿನಲ್ಲಿ ಅಂಥ ಪಾಚಿ ಇಲ್ಲ. ಅದು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿಂದೇ ಬದುಕಬೇಕು, ಸಿಗದಿದ್ದರೆ ತಿಂಗಳುಗಟ್ಟಲೆ ಸವೆದು ಸಾಯುತ್ತದೆ. ನೀವು ಮಾರುವ ಜೀವಿ ಏನು ತಿನ್ನುತ್ತದೆ ಎಂದು ನಿಮಗೇ ನಾನು ಪಾಠ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮಿಸಿ, ಹಳೆಯ ಚಟ.

ಈ ನಗುವಿನ ನಡುವೆಯೇ ಅವನು ಬ್ಯಾಗಿನಿಂದ ನೀಲಿ ದ್ರವದ ಬಾಟಲಿ ತೆಗೆದ. ಏನದು, ತೋರಿಸಿ ಎಂದು ನಾನು ಕೈಚಾಚುವಷ್ಟರಲ್ಲಿ ಮುಚ್ಚಳ ಬಿಚ್ಚಿ ಸುರಿದ. ಅಳತೆಯೂ ಇಲ್ಲ. ಆಮೇಲೆ ಓದಿದರೆ ಲೇಬಲ್ಲಿನಲ್ಲಿ ಎರಡು ಸಂಗತಿ ಸ್ಪಷ್ಟವಾಗಿದ್ದವು: ಇದರಲ್ಲಿರುವುದು ತಾಮ್ರದ ಸಲ್ಫೇಟ್, ಬೆನ್ನುಮೂಳೆಯಿಲ್ಲದ ಜೀವಿಗಳಿರುವ ಟ್ಯಾಂಕಿಗೆ ಹಾಕಬೇಡಿ. ನೀವೇ ಮಾರುವ ಬಾಟಲಿ.

ಪ್ರತ್ಯೇಕ ಟ್ಯಾಂಕಿನಲ್ಲಿಟ್ಟ ಮೀನಿಗೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ, ದಿನಾ ಪರೀಕ್ಷಿಸುತ್ತ ಕೊಡುವುದು ಹಳೆಯ ಪದ್ಧತಿ. ಚಿಪ್ಪು, ಸೀಗಡಿ, ಬಸವನಹುಳಕ್ಕೆ ಅದೇ ತಾಮ್ರ ವಿಷ. ಮರುದಿನ ಬೆಳಗ್ಗೆ ಬಸವನಹುಳಗಳು ಗಾಜು ಬಿಟ್ಟು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಸೀಗಡಿ ಒಂದು ಮಗ್ಗುಲಾಗಿ ಬಿದ್ದು, ಬಿಳಿ ಮೀಸೆ ಮಾತ್ರ ನೀರಿನ ಸೆಳೆತಕ್ಕೆ ಅಲುಗುತ್ತಿತ್ತು. ದೊಡ್ಡ ಕ್ಲಾಮ್ ಪೂರ್ತಿ ಬಾಯಿ ತೆರೆದು ನಾರುತ್ತಿತ್ತು. ಚಿಕ್ಕದನ್ನು ಹೊಸ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಹೀಟರು, ಗಾಳಿಕಲ್ಲು ಇಟ್ಟು, ಬೇರೆ ಊರಿನಿಂದ ಕೊರಿಯರಿನಲ್ಲಿ ತರಿಸಿದ ಫೈಟೋಪ್ಲಾಂಕ್ಟನ್ ಹನಿಸುತ್ತಿದ್ದೇನೆ. ನೆರಳು ಬಿದ್ದರೆ ಮುಚ್ಚಿಕೊಳ್ಳಲು ನೋಡುತ್ತದೆ, ಪೂರ್ತಿ ಆಗುತ್ತಿಲ್ಲ. ಮೀನುಗಳು ಚೆನ್ನಾಗಿವೆ.

ಶಾಖೆಗೆ ಫೋನ್ ಮಾಡಿದಾಗ ಸಿಕ್ಕ ಪರಿಹಾರವನ್ನೂ ದಾಖಲಿಸುತ್ತೇನೆ: "ಗೋವಾದಿಂದ ಕ್ಯಾಂಪ್ ಮಾರ್ಕೆಟ್‌ಗೆ ತಿಸ್ರ್ಯಾ ಬರ್ತಾವಲ್ರಿ, ಒಂದ್ ಕಿಲೋ ತಂದ ಹಾಕ್ರಿ." ತಿಸ್ರ್ಯಾ ಅಂದರೆ ಅಡುಗೆಗೆ ಬಳಸುವ ಚಿಪ್ಪುಜೀವಿ. ಹಿಂದಿನಿಂದ ಇನ್ನಿಬ್ಬರು ನಗುವುದೂ ಕೇಳಿಸಿತು.

ನಿಮ್ಮ ಒಪ್ಪಂದದ 6ನೇ ಕಲಮು ನಿಮಗೆ ಗೊತ್ತೇ ಇದೆ. ನೀರು ಪರೀಕ್ಷೆಯ ವರದಿಗೆ ಗ್ರಾಹಕರ ಸಹಿಯಾಗದೆ ಔಷಧ ಹಾಕುವಂತಿಲ್ಲ. ಆ ವರದಿಯ ಪ್ರತಿ ಕಳಿಸಿ. ಇಲ್ಲದ್ದನ್ನು ಹೇಗೆ ಕಳಿಸುತ್ತೀರಿ ಎಂದು ನೋಡುವ ಕುತೂಹಲವಿದೆ.

ಸತ್ತ ಜೀವಿಗಳ ಬೆಲೆ, ತಪಾಸಣೆಯ ಶುಲ್ಕ, ಒಪ್ಪಂದದ ಉಳಿದ ಹಣ ವಾಪಸ್ ಬರಬೇಕು. ಕಲ್ಲು, ಮರಳು ಎರಡನ್ನೂ ಬದಲಿಸಿಕೊಡಬೇಕು. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತಲೇ ಇರುತ್ತದೆ, ನೀರು ಬದಲಿಸಿದರೆ ಮುಗಿಯುವುದಿಲ್ಲ. ಒಂದು ವಾರ ಕಾಯುತ್ತೇನೆ.

ಆಮೇಲೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಕೆಳಗೆ "ನ್ಯಾಯವ್ಯಾಪ್ತಿ ಬೆಂಗಳೂರು ಮಾತ್ರ" ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದೀರಿ. 2019ರ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನಿವೃತ್ತಳಾದ ನನಗೆ ಸಮಯ ಧಾರಾಳವಾಗಿದೆ.

ಇನ್ನೊಂದು ವಿಷಯ. ಹೋಗುವ ಮುನ್ನ ನಿಮ್ಮ ಸೀನಿಯರ್ ಟೆಕ್ನಿಷಿಯನ್ ತನ್ನ ಮೊಬೈಲಿನಲ್ಲಿ ನೀಲಿ ಬಣ್ಣದ "ಮ್ಯಾಕ್ಸಿಮಾ" ಕ್ಲಾಮ್‌ಗಳ ಫೋಟೊ ತೋರಿಸಿ, "ಇದು ಸತ್ರ ಇದನ್ನ ತಗೋರಿ, ಬಿಲ್ ಇರಂಗಿಲ್ಲ ಅಷ್ಟ" ಅಂದಿದ್ದ. ಆ ಫೋಟೊಗಳನ್ನು ಬೆಲೆಯ ಸಮೇತ ನನಗೆ ವಾಟ್ಸಾಪ್ ಕೂಡ ಮಾಡಿದ್ದಾನೆ, ನಿಮ್ಮ ಕಂಪನಿಯ ನಂಬರಿನಿಂದ. ಟ್ರೈಡಾಕ್ನಾ ಮ್ಯಾಕ್ಸಿಮಾವನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ ಇರುವ ಅನುಸೂಚಿ. ಗ್ರಾಹಕರ ಆಯೋಗ ಹಣ ವಾಪಸ್ ಕೊಡಿಸಬಹುದು. ಅರಣ್ಯ ಇಲಾಖೆಯವರು ಟಿಕೆಟ್ ಕ್ಲೋಸ್ ಮಾಡಲು ನಿಮ್ಮನ್ನು ಕೇಳುವುದಿಲ್ಲ. ಆ ಸ್ಕ್ರೀನ್‌ಶಾಟುಗಳ ಮುದ್ರಿತ ಪ್ರತಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಇನ್ನೊಂದು ಪ್ರತಿ ಲಕೋಟೆಯಲ್ಲಿದೆ, ವಿಳಾಸ ಬರೆದಾಗಿದೆ, ಸ್ಟಾಂಪು ಹಚ್ಚುವುದೊಂದು ಬಾಕಿ.

ಉತ್ತರವನ್ನು ಬರಹದಲ್ಲಿ, ನನ್ನ ಹೆಸರಿಗೇ ಕಳಿಸಿ. ಯಜಮಾನರ ಹೆಸರಿಗಲ್ಲ.

ಇಂತಿ,
ಒಪ್ಪಂದಕ್ಕೆ ಸಹಿ ಹಾಕಿದ ಗ್ರಾಹಕಿ
ಟಿಳಕವಾಡಿ, ಬೆಳಗಾವಿ

ಲಗತ್ತು: ಬಿಲ್ಲುಗಳು, ಒಪ್ಪಂದದ ಪ್ರತಿ, ಬಾಟಲಿ ಲೇಬಲ್ಲಿನ ಫೋಟೊ, ವಾಟ್ಸಾಪ್ ಸ್ಕ್ರೀನ್‌ಶಾಟುಗಳು